ಗೋಡೆಯ ಗೂಡುಗಳು

ಶ್ರೀರಂಗಪಟ್ಟಣದ ಜಾಮಿಯಾ ಮಸೀದಿಯ ಎದುರು ನಿಂತಾಗ ಶಾಲಾ ಪ್ರವಾಸದ ಹುಡುಗನೊಬ್ಬ ಕೇಳಿದ: “ಟೀಚರ್, ಮಿನಾರಿನ ತುಂಬಾ ತೂತು! ಎಲ್ಲಾ 1799ರ ಯುದ್ಧದಲ್ಲಿ ಗುಂಡು ಬಿದ್ದದ್ದಾ?” ತಪ್ಪು ಅವನದಲ್ಲ. ಆ ಇಸವಿಯನ್ನು ಬಾಯಿಪಾಠ ಮಾಡಿಸಿದವಳು ನಾನೇ. ಅಷ್ಟರಲ್ಲಿ ಒಂದು ತೂತಿನಿಂದ ಪಾರಿವಾಳ ಹೊರಬಂದು ಉತ್ತರ ಹೇಳಿತು.

ಟಿಪ್ಪು 1787ರಲ್ಲಿ ಕಟ್ಟಿಸಿದ ಈ ಮಸೀದಿಯನ್ನು ಹೊಗಳುವವರು ಅವಳಿ ಮಿನಾರುಗಳ ಎತ್ತರವನ್ನೂ ಗುಮ್ಮಟವನ್ನೂ ಹೊಗಳುತ್ತಾರೆ. ನನಗೆ ಅವು ಕೊಂಚ ದಪ್ಪನಾಗಿಯೇ ಕಂಡವು. ಈ ಗೂಡುಗಳಿಲ್ಲದಿದ್ದರೆ ಬರೀ ಗಾರೆಯ ಕಂಬಗಳಾಗಿಬಿಡುತ್ತಿದ್ದವು. ಸಾಲುಸಾಲಾಗಿ ನಿಂತ ಪುಟ್ಟ ನೆರಳುಗಳು ಅವುಗಳ ಭಾರ ಇಳಿಸುತ್ತವೆ. ಅಲಂಕಾರವೇ ವಾಸದ ಮನೆಯೂ ಆಗಿದೆ.

ಇಂಗ್ಲೆಂಡಿನ ಹಳೆಯ ಜಮೀನುಗಳಲ್ಲಿ ಪಾರಿವಾಳಕ್ಕೆಂದೇ ಇಟ್ಟಿಗೆಯ ಮನೆ ಕಟ್ಟುತ್ತಿದ್ದರು. ಹೊರಗೆ ಬೋಳು ಗೋಡೆ. ಒಳಗೆ ಕೆಳಗಿನಿಂದ ಸೂರಿನವರೆಗೆ ನೂರಾರು ಗೂಡು. ಕೆಲವಲ್ಲಿ ನಟ್ಟನಡುವೆ ತಿರುಗುವ ಕಂಬ, ಅದಕ್ಕೊಂದು ಏಣಿ. ಏಣಿಯ ಮೇಲೆ ನಿಂತು ಸುತ್ತು ಬಂದರೆ ಯಾವ ಗೂಡಿಗೂ ಕೈ ಎಟುಕುತ್ತದೆ. ಈ ಜಾಣತನವೆಲ್ಲ ಇನ್ನೂ ಹಾರಲು ಬಾರದ, ನಾಲ್ಕು ವಾರದ ಮರಿಗಳನ್ನು ಹಿಡಿದು ಅಡುಗೆಮನೆಗೆ ಕಳಿಸಲು! ಹಿಕ್ಕೆ ಹೊಲಕ್ಕೆ ಗೊಬ್ಬರ. ಮಧ್ಯಯುಗದಲ್ಲಿ ಅಂಥ ಮನೆ ಕಟ್ಟುವ ಹಕ್ಕು ಒಡೆಯರದು. ರೈತನ ಕಾಳು ತಿಂದ ಹಕ್ಕಿ ಒಡೆಯನ ತಟ್ಟೆಗೆ. ಆ ಕಟ್ಟಡದ ಮನಸ್ಸು ತಿಳಿಯಬೇಕಾದರೆ ಏಣಿಯನ್ನು ನೋಡಬೇಕು. ಶ್ರೀರಂಗಪಟ್ಟಣದ ಗೂಡುಗಳು ಹೊರಮೈಯಲ್ಲಿವೆ. ಮಿನಾರಿನ ಒಳಗೆ ಸುತ್ತು ಮೆಟ್ಟಿಲಿವೆ, ಸರಿ. ಮರಿ ಹಿಡಿಯುವ ಏಣಿಯಿಲ್ಲ. ಆ ಒಂದು ಕಾರಣಕ್ಕೇ ನಾನು ಇದಕ್ಕೆ ಹೆಚ್ಚು ಅಂಕ ಕೊಡುತ್ತೇನೆ.

ಕನ್ನಡದಲ್ಲಿ ಹಕ್ಕಿ ಕಟ್ಟುವುದೂ ಗೂಡು, ಗೋಡೆಯಲ್ಲಿ ಹಣತೆ ಇಡುವ ಜಾಗವೂ ಗೂಡು. ಗೋಡೆಗಳು ದಪ್ಪವಿದ್ದ ಕಾಲದ ಮಾತು. ಶಿವಮೊಗ್ಗದ ಕೋಟೆಯಲ್ಲಿದ್ದ ನಮ್ಮ ಹಳೆಯ ಮನೆಯಲ್ಲಿ ಒಂದು ಗೂಡಿನಲ್ಲಿ ದೀಪ, ಇನ್ನೊಂದರಲ್ಲಿ ಗುಬ್ಬಿ. ಅಮ್ಮ ದೀಪ ಹಚ್ಚುವಾಗ ಗುಬ್ಬಿ ಹೆದರೀತೆಂದು ಬೆಳಕಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಈಗಿನ ನಾಲ್ಕೂವರೆ ಇಂಚಿನ ಗೋಡೆಗೆ ಮೊಳೆ ಹೊಡೆಯಲೂ ಭಯ.

ಹಿಕ್ಕೆ ಗಾರೆಯನ್ನು ತಿನ್ನುತ್ತದೆ. ಒಣಗಿ ಧೂಳಾದರೆ ಶ್ವಾಸಕೋಶಕ್ಕೂ ಕೆಟ್ಟದ್ದು. ಹಾಗಾಗಿ ಹಳೆಯ ಕಟ್ಟಡಗಳಿಗೆ ಬಲೆ ಕಟ್ಟುವವರನ್ನು ಬೈಯಲಾರೆ. ಬೈದರೆ ಮೊದಲು ನನ್ನನ್ನೇ ಬೈದುಕೊಳ್ಳಬೇಕು. ಪ್ರವಾಸದಿಂದ ಬಂದ ಮರುತಿಂಗಳೇ ನಮ್ಮ ಬಾಲ್ಕನಿಗೆ ನೈಲಾನ್ ಬಲೆ ಹಾಕಿಸಿದೆ. ಬೆಳಿಗ್ಗೆ ಕಾಫಿ ಹಿಡಿದು ಹೊರಬಂದರೆ ಜೋಡಿಯೊಂದು ಬಲೆಯ ಆಚೆ ಕೂತು, ಗೂಡಿದ್ದ ಮೂಲೆಯನ್ನೇ ನೋಡುತ್ತಿರುತ್ತದೆ.