ಒಂದೇ ಗುಂಡಿ, ಎರಡು ಯಂತ್ರ

ಟೀಪಾಯಿ ಮೇಲಿನ ಮೂರು ರಿಮೋಟು ಸಾಕಾಗಿ ಯೂನಿವರ್ಸಲ್ ರಿಮೋಟ್ ತಂದೆ. ಟೀವಿ, ಸೆಟ್‌ಟಾಪ್ ಬಾಕ್ಸ್ ಎರಡನ್ನೂ ಒಂದೇ ಗುಂಡಿಗೆ ಕಟ್ಟಿ ಬೀಗಿದೆ. ಮರುದಿನ ಮೀಟಿಂಗಿನಲ್ಲಿರುವಾಗ ಅಮ್ಮನ ಫೋನು: "ಟೀವಿ ಬಂತು ಕಣೋ, ಬಾಕ್ಸ್ ಆರೋಯ್ತು. ಮತ್ತೆ ಒತ್ತಿದ್ರೆ ಉಲ್ಟಾ!"

ತಪ್ಪು ಅಮ್ಮನದಲ್ಲ. ಎಷ್ಟೋ ಯಂತ್ರಗಳಲ್ಲಿ ಆನ್‌ಗೂ ಆಫ್‌ಗೂ ಒಂದೇ ಇನ್‌ಫ್ರಾರೆಡ್ ಸಂಕೇತ. ಆಚೆ ಏನಾಯ್ತು ಅಂತ ಬಡಪಾಯಿ ರಿಮೋಟಿಗೆ ಗೊತ್ತೇ ಆಗಲ್ಲ. ಬ್ಲೂಟೂತ್ ಸ್ಟಿಕ್ ಅಂತೂ ಇದರ ಮಾತೇ ಕೇಳಲಿಲ್ಲ. ಈ ಜಾತಿಯ ದೊಡ್ಡಣ್ಣ ಹಾರ್ಮನಿ ರಿಮೋಟುಗಳ ತಯಾರಿಕೆಯನ್ನು ಲಾಜಿಟೆಕ್ 2021ರಲ್ಲೇ ನಿಲ್ಲಿಸಿತ್ತು. ನಾನು ಹೊರಟಿದ್ದು ಆಮೇಲೆ!

ಕೊನೆಗೆ ಡಿಟಿಎಚ್ ರಿಮೋಟಿಗೇ ಟೀವಿಯ ಪವರ್, ವಾಲ್ಯೂಮ್ ಕಲಿಸಿದೆ. ಎರಡು ಗುಂಡಿ ಬೇರೆಬೇರೆ. ಅಮ್ಮ ಫೋನ್ ಮಾಡೋದು ನಿಲ್ಲಿಸಿದ್ದಾಳೆ. ಯೂನಿವರ್ಸಲ್ಲು ಡ್ರಾಯರಿನಲ್ಲಿದೆ, ಸೆಲ್ ಬಿಚ್ಚಿ ಗಡಿಯಾರಕ್ಕೆ ಹಾಕಿದ್ದೀನಿ.