ಹೊಸೂರಿನ ಮಗುವಿನ ಇಂಗ್ಲಿಷ್ ಪಾಠ: ‘ನೆರವು’ ಎಂಬ ಪರಿಕಲ್ಪನೆಯ ಒಂದು ಓದು

ಹೊಸೂರಿಗೆ ಬರುವ ತಮಿಳುನಾಡಿನ ಬಸ್ಸುಗಳ ಫಲಕದಲ್ಲಿ ಊರಿನ ಹೆಸರು ತಮಿಳಿನಲ್ಲಿ ‘ಓಸೂರ್’ ಎಂದಿರುತ್ತದೆ. ಪಕ್ಕದ ಇಂಗ್ಲಿಷ್ ಬರಹದಲ್ಲಿ ಹಕಾರ ಉಳಿದಿರುತ್ತದೆ. ಕನ್ನಡದ ಮನೆಯಿಂದ ಬಂದ ಮಗುವಿಗೆ ತನ್ನ ‘ಹೊಸ ಊರು’ ಮನೆಯಲ್ಲಿ ಕೇಳಿದಂತೆಯೇ ಕಾಣಿಸುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಈ ಸಣ್ಣ ಸಂಗತಿಯನ್ನು ಗಡಿನಾಡಿನ ಭಾಷಾಶಿಕ್ಷಣದ ಚರ್ಚೆಗಳು ಗಮನಿಸಿದಂತಿಲ್ಲ. ಆ ಚರ್ಚೆಗಳಲ್ಲಿ ಎದುರಾಳಿಗಳು ಯಾವಾಗಲೂ ಇಬ್ಬರೇ: ಒಂದೆಡೆ ತಾಯ್ನುಡಿ, ಇನ್ನೊಂದೆಡೆ ರಾಜ್ಯಭಾಷೆ. ಮೂರನೆಯದಾದ ಇಂಗ್ಲಿಷ್ ಎಲ್ಲರಿಗೂ ಸಮಾನ ದೂರದಲ್ಲಿದೆ ಎಂಬ ಪರಿಗ್ರಹಿಕೆ ಎರಡೂ ಪಕ್ಷಗಳಿಗೆ ಸಾಮಾನ್ಯವಾಗಿದೆ. ಈ ಪರಿಗ್ರಹಿಕೆಯನ್ನು ಪರಿಶೀಲಿಸುವುದು ಪ್ರಸ್ತುತ ಬರಹದ ಉದ್ದೇಶ.

‘ಇಂಗ್ಲಿಷ್ ಕಲಿಕಾರ್ಥಿ’ ಎಂಬುದು ಅಮೆರಿಕದ ಶಿಕ್ಷಣ ವ್ಯವಸ್ಥೆಯಲ್ಲಿ ಒಂದು ಆಡಳಿತಾತ್ಮಕ ವರ್ಗ. 1968ರ ಜನವರಿಯಲ್ಲಿ ಅಲ್ಲಿ ದ್ವಿಭಾಷಾ ಶಿಕ್ಷಣ ಕಾಯ್ದೆ ಜಾರಿಗೆ ಬಂದಿತು. ಅದೇ ತಿಂಗಳಲ್ಲಿ ಮದರಾಸಿನ ವಿಧಾನಸಭೆ ದ್ವಿಭಾಷಾ ಸೂತ್ರವನ್ನು ಅಂಗೀಕರಿಸಿತು. ಕಾಕತಾಳೀಯವೇ ಸರಿ, ಆದರೆ ‘ದ್ವಿಭಾಷೆ’ ಎಂಬ ಒಂದೇ ಪದಕ್ಕೆ ಎರಡು ಕಡೆ ಎಷ್ಟು ಬೇರೆ ಅರ್ಥವಿತ್ತು ಎಂಬುದು ಗಮನಾರ್ಹ. ಅಲ್ಲಿ ಅದು ಮಗುವಿನ ಮನೆಮಾತನ್ನು ಆಧರಿಸಿ ಇಂಗ್ಲಿಷಿಗೆ ದಾಟಿಸುವ ಉಪಾಯ. ಇಲ್ಲಿ ಅದು ಹಿಂದಿಯನ್ನು ಹೊರಗಿಟ್ಟು ತಮಿಳು ಮತ್ತು ಇಂಗ್ಲಿಷನ್ನು ಉಳಿಸಿಕೊಳ್ಳುವ ರಾಜಕೀಯ ನಿಲುವು. ಆ ನಿಲುವಿಗೆ ಅದರದೇ ಆದ ಸಮರ್ಥನೆಯಿದೆ. ಆದರೆ ಮನೆಯಲ್ಲಿ ಕನ್ನಡವೋ ತೆಲುಗೋ ಆಡುವ ತಳಿ, ಡೆಂಕಣಿಕೋಟೆ, ಬಾಗಲೂರು, ಶೂಲಗಿರಿಗಳ ಮಗುವಿಗೆ ಆ ಎರಡು ಭಾಷೆಗಳೂ ಶಾಲೆಯ ಭಾಷೆಗಳೇ ಆದವು.

ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಭಾಷಿಕ ಮಕ್ಕಳ ಪರವಾಗಿ 1974ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿದ ಲಾವ್ ಪ್ರಕರಣದ ತಿರುಳು ಇಷ್ಟು: ಎಲ್ಲರಿಗೂ ಒಂದೇ ಪುಸ್ತಕ, ಒಬ್ಬರೇ ಶಿಕ್ಷಕರು, ಒಂದೇ ಪಠ್ಯಕ್ರಮ ಒದಗಿಸಿದ ಮಾತ್ರಕ್ಕೆ ಸಮಾನತೆ ಸಿದ್ಧಿಸುವುದಿಲ್ಲ. ಹೊಸೂರಿನಲ್ಲಿ ಈ ತರ್ಕವನ್ನು ಮಂಡಿಸುವುದೇ ಕಷ್ಟ, ಏಕೆಂದರೆ ಇಲ್ಲಿ ಎಲ್ಲರೂ ಇಂಗ್ಲಿಷ್ ಕಲಿಕಾರ್ಥಿಗಳು. ಆದ್ದರಿಂದಲೇ ಯಾರೂ ಅಲ್ಲ. ತರಗತಿಯಲ್ಲಿ ನಡೆಯುವುದನ್ನು ನೋಡಿದರೆ ಈ ಸಮಾನತೆ ಸಡಿಲವಾಗುತ್ತದೆ. ಇಂಗ್ಲಿಷ್ ಪದವನ್ನು ಓದಿ ಶಿಕ್ಷಕರು ತಮಿಳಿನಲ್ಲಿ ಅರ್ಥ ಹೇಳುತ್ತಾರೆ. ತಮಿಳು ಮಗು ಒಂದು ಮೆಟ್ಟಿಲು ಹತ್ತುವಲ್ಲಿ ಕನ್ನಡದ ಮಗು ಎರಡು ಹತ್ತಬೇಕು. ಮೊದಲ ಮೆಟ್ಟಿಲನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರ ಆಯಾಸ ಮಾತ್ರ ಇಂಗ್ಲಿಷ್ ಅಂಕಪಟ್ಟಿಯಲ್ಲಿ ದಾಖಲಾಗುತ್ತದೆ.

2006ರ ತಮಿಳು ಕಲಿಕೆ ಕಾಯ್ದೆಯನ್ನು ಒಂದು ಪಠ್ಯವಾಗಿ ಓದಬೇಕಾದುದು ಇಲ್ಲಿ. ಅದರ ರಚನೆಯೇ ಮಾತಾಡುತ್ತದೆ: ಮೊದಲ ಭಾಗ ತಮಿಳು, ಎರಡನೆಯದು ಇಂಗ್ಲಿಷ್, ಮೂರನೆಯದು ಇತರ ವಿಷಯಗಳು, ತಮಿಳಾಗಲಿ ಇಂಗ್ಲಿಷಾಗಲಿ ತಾಯ್ನುಡಿಯಲ್ಲದವರಿಗೆ ನಾಲ್ಕನೆಯ ಭಾಗದಲ್ಲಿ ತಮ್ಮ ನುಡಿ, ಅದೂ ಐಚ್ಛಿಕವಾಗಿ. ಹಂತಹಂತವಾಗಿ ಈ ಕ್ರಮ 2015–16ರಲ್ಲಿ ಹತ್ತನೆಯ ತರಗತಿಯನ್ನು ತಲುಪಿದಾಗ ವಿನಾಯಿತಿಗಾಗಿ ನ್ಯಾಯಾಲಯದ ಮೊರೆ ಹೋಗಬೇಕಾಯಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಿಂದ ದೊರೆತದ್ದೂ ಒಂದು ವರ್ಷದ ವಿನಾಯಿತಿಯೇ. ನಮ್ಮ ಲೇಖಕರು, ಸಂಘಟನೆಗಳು ಈ ಹೋರಾಟವನ್ನು ಸಾಕಷ್ಟು ದಾಖಲಿಸಿದ್ದಾರೆ. ನನ್ನ ತಕರಾರು ಇರುವುದು ಅವರ ವಾದದ ಚೌಕಟ್ಟಿನೊಂದಿಗೆ. ವಿನಾಯಿತಿ ಎಂದರೆ ಒಂದು ಪತ್ರಿಕೆಯಿಂದ ಬಿಡುಗಡೆ; ಅದು ಕಲಿಕೆಗೆ ನೆರವಲ್ಲ. ಮಗು ಏನನ್ನು ಬರೆಯಬೇಕಾಗಿಲ್ಲ ಎಂದು ಕೇಳಿದೆವೇ ಹೊರತು, ಕನ್ನಡ ಬಲ್ಲ ಮಗು ಇಂಗ್ಲಿಷನ್ನು ಹೇಗೆ ಕಲಿಯುತ್ತದೆ ಎಂದು ಕೇಳಲಿಲ್ಲ.

ಕೇಳಿದ್ದರೆ ಒಂದು ಕುತೂಹಲಕರ ಸಂಗತಿ ಎದುರಾಗುತ್ತಿತ್ತು. ಇಂಗ್ಲಿಷಿನ ‘ಪಿನ್’, ‘ಬಿನ್’ ಎಂಬೆರಡು ಪದಗಳನ್ನು ತಮಿಳು ಲಿಪಿ ಒಂದೇ ಅಕ್ಷರದಿಂದ ಬರೆಯುತ್ತದೆ. ಕನ್ನಡ, ತೆಲುಗು ಲಿಪಿಗಳಲ್ಲಿ ಅವು ಬೇರೆ ಬೇರೆ. ಕ–ಗ, ತ–ದ, ಟ–ಡಗಳ ವಿಷಯದಲ್ಲೂ ಹಾಗೆಯೇ. ಇದು ಲಿಪಿಯ ಹಿರಿಮೆಯ ಮಾತಲ್ಲ. ತಮಿಳಿನ ಮಕ್ಕಳು ಚೆನ್ನಾಗಿಯೇ ಇಂಗ್ಲಿಷ್ ಕಲಿಯುತ್ತಾರೆ. ಆದರೆ ಕನ್ನಡ ಓದಬಲ್ಲ ಮಗುವಿನ ಕೈಯಲ್ಲಿ ಇಂಗ್ಲಿಷ್ ಧ್ವನಿಗಳನ್ನು ಗುರುತಿಸುವ ಒಂದು ಸಿದ್ಧ ಸಾಧನವಿದೆ, ಅದನ್ನು ಶಾಲೆ ಬಳಸುತ್ತಿಲ್ಲ. ಇನ್ನು ವಾಕ್ಯರಚನೆಯಲ್ಲಿ ಮೂರು ನುಡಿಗಳೂ ಒಟ್ಟಿಗೇ ನಿಲ್ಲುತ್ತವೆ. ‘ನನಗೆ ಹಸಿವಾಗಿದೆ’, ‘ಎನಕ್ಕು ಪಸಿಕ್ಕುದು’, ‘ನಾಕು ಆಕಲಿಗಾ ಉಂದಿ’: ಮೂರರಲ್ಲೂ ಹಸಿವು ‘ನನಗೆ’ ಬರುವಂಥದು. ಇಂಗ್ಲಿಷಿನಲ್ಲಿ ಮಾತ್ರ ‘ಐ ಆಮ್ ಹಂಗ್ರಿ’, ಹಸಿದವನೇ ಕರ್ತೃ. ಈ ಒಂದು ವ್ಯತ್ಯಾಸವನ್ನು ಮೂರು ನುಡಿಗಳ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ಕಲಿಸಬಹುದು. ಭಾಷಾ ಅಲ್ಪಸಂಖ್ಯಾತರಿಗೆ ನೆರವೆಂದರೆ ಮೂರು ಪಟ್ಟು ವೆಚ್ಚ ಎಂಬ ಆಡಳಿತದ ಅಂಜಿಕೆಗೆ ಇಷ್ಟು ಉತ್ತರ ಸಾಕು.

ಕುಟುಂಬದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. 2021ರ ಅಕ್ಟೋಬರಿನಲ್ಲಿ ತಮಿಳುನಾಡು ಸರ್ಕಾರ ಆರಂಭಿಸಿದ ‘ಇಲ್ಲಂ ತೇಡಿ ಕಲ್ವಿ’, ಅಂದರೆ ಮನೆಯನ್ನರಸಿ ಬರುವ ಶಿಕ್ಷಣ, ಕೊರೊನಾ ಕಾಲದ ಕಲಿಕಾನಷ್ಟಕ್ಕೆ ಕಂಡುಕೊಂಡ ಅರ್ಥಪೂರ್ಣ ಉತ್ತರ. ಕನ್ನಡದ ಕಿವಿಗೆ ಆ ‘ಇಲ್ಲಂ’ ಬೇರೆಯೇ ರೀತಿ ಕೇಳಿಸುತ್ತದೆಂಬುದು ತಮಾಷೆಯ ಮಾತು. ಆದರೆ ಮನೆಯನ್ನರಸಿ ಹೋಗುವ ಶಿಕ್ಷಣ ಆ ಮನೆಯ ಮಾತನ್ನೂ ಅರಸಬೇಕಲ್ಲವೆ? ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಅಂಥ ಸಭೆಗಳಲ್ಲಿ ಕೂತು ನೋಡಿದ್ದೇನೆ: ತಾಯಂದಿರಿಗೆ ತಮಿಳು ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು, ನಡಾವಳಿ ತಮಿಳಿನಲ್ಲಿರುತ್ತದೆ, ಸಹಿ ಕನ್ನಡದಲ್ಲಿ ಬೀಳುತ್ತದೆ. ಮಗುವಿನ ಇಂಗ್ಲಿಷ್ ಹೇಗಿದೆ ಎಂದು ಅವರು ಕೇಳುವುದು ಸಭೆ ಮುಗಿದ ಮೇಲೆ, ಜಗುಲಿಯಲ್ಲಿ.

ಈ ತಂದೆತಾಯಂದಿರು ಕನ್ನಡ ಶಾಲೆಯನ್ನು ತೊರೆದರೆಂದು ಗಡಿಯಾಚೆಯಿಂದ ದೂರುವುದು ಸುಲಭ. ಸಿಪ್ಕಾಟ್ ಕಾರ್ಖಾನೆಗಳೂ ನಲವತ್ತು ಕಿಲೋಮೀಟರ್ ದೂರದ ಬೆಂಗಳೂರೂ ಕೇಳುವ ಭಾಷೆ ಯಾವುದೆಂದು ಅವರಿಗೆ ಗೊತ್ತು. ಮೇಲಾಗಿ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಭಾಷಾ ಮಾಧ್ಯಮ ನೀತಿಯನ್ನು ತಳ್ಳಿಹಾಕಿ, ತಾಯ್ನುಡಿ ಯಾವುದೆಂದು ತೀರ್ಮಾನಿಸುವವರು ಪೋಷಕರೇ ಎಂದ ಮೇಲೆ ಒಳನಾಡಿನವರು ಗಡಿಯವರಿಗೆ ಹೇಳುವ ಬುದ್ಧಿಮಾತಿಗೆ ಹೆಚ್ಚು ತೂಕವಿಲ್ಲ.

ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ತಮಿಳುನಾಡು ಪಠ್ಯಪುಸ್ತಕ ನಿಗಮ ಕನ್ನಡ, ತೆಲುಗು ಪುಸ್ತಕಗಳನ್ನು ಮೊದಲಿನಿಂದಲೂ ಅಚ್ಚುಹಾಕುತ್ತಿದೆ; ಅಕ್ಷರಜೋಡಣೆಯೂ ಅನುವಾದಕರೂ ಅದಕ್ಕೆ ಹೊಸತಲ್ಲ. ಗಡಿ ತಾಲ್ಲೂಕುಗಳಿಗೆ ಹೋಗುವ ಇಂಗ್ಲಿಷ್ ಪುಸ್ತಕದ ಕೊನೆಗೆ ಕನ್ನಡ–ತೆಲುಗು ಅರ್ಥಗಳ ನಾಲ್ಕು ಪುಟ ಸೇರಿಸಬಹುದು. ತೊಡಕಿರುವುದು ಬೇರೆ ಕಡೆ. ನಾಲ್ಕನೆಯ ಭಾಗದ ಕನ್ನಡವನ್ನು ಕಲಿಸುವವರಿಲ್ಲದ ಶಾಲೆಯ ಮಗುವಿಗೆ ಆ ಪುಟಗಳನ್ನು ಓದಲು ಬಾರದು. ತಮಿಳು ಮಾಧ್ಯಮದಲ್ಲಿ ಓದಿದ ಎಷ್ಟೋ ತಂದೆತಾಯಂದಿರಿಗೂ ಬಾರದು. ಅಂಥ ಮನೆಗಳಲ್ಲಿ ಅವನ್ನು ಓದಿ ಹೇಳಬಲ್ಲವರು ಹಿಂದೊಮ್ಮೆ ಊರಿನ ಕನ್ನಡ ಶಾಲೆಗೆ ಹೋಗಿಬಂದ ಅಜ್ಜಿ, ತಾತಂದಿರು. ಶಾಲೆಯ ಸಭೆಗೆ ಅವರನ್ನು ಕರೆಯುವ ಪದ್ಧತಿ ಈಗ ಇಲ್ಲ.