ಜಮಖಾನದ ಬಣ್ಣ: ಮರುಕ ಸಾಕು, ವಿಮರ್ಶೆ ಬೇಕು

ನವಲಗುಂದ ಎಂದೊಡನೆ ನಮ್ಮ ಭಾಗದವರಿಗೆ 1980ರ ರೈತ ಬಂಡಾಯ ನೆನಪಾಗುತ್ತದೆ, ಹೋಳಿಯ ರಾಮಲಿಂಗ ಕಾಮಣ್ಣ ನೆನಪಾಗುತ್ತಾನೆ. ಅಲ್ಲೇ ನೇಯುವ ಜಮಖಾನದ ಸರದಿ ಆಮೇಲೆ. ಅದೂ ಯಾರಾದರೂ ‘ಅಳಿವಿನಂಚಿನ ಕಲೆ’ ಎಂದು ಮರುಗಿದಾಗ. ಈ ಮರುಕ ಅದಕ್ಕೆ ಉಪಕಾರಕ್ಕಿಂತ ಅಪಚಾರವನ್ನೇ ಹೆಚ್ಚು ಮಾಡಿದೆ. ಎರಡು ಜಮಖಾನಗಳನ್ನು ಎದುರಿಗೆ ಹಾಸಿ, ‘ಇದರ ಬಣ್ಣ ಚಲೋ ಕೂಡ್ಯಾವ, ಅದರವು ಕೂಡಿಲ್ಲ’ ಎಂದು ತಕರಾರು ತೆಗೆಯುವ ರೂಢಿ ನಮ್ಮ ಕಲಾಚರ್ಚೆಯಲ್ಲಿ ಬೆಳೆಯಲೇ ಇಲ್ಲ.

ಆದಿಲಶಾಹಿ ಕಾಲದಲ್ಲಿ ವಿಜಯಪುರದ ಕಡೆಯಿಂದ ಬಂದ ಮುಸ್ಲಿಂ ಕುಟುಂಬಗಳು ಈ ಕಸುಬನ್ನು ತಂದವೆಂದು ಹೇಳುತ್ತಾರೆ. ನೇಯುವವರು ಹೆಣ್ಣುಮಕ್ಕಳು. ನೆಟ್ಟಗೆ ನಿಂತ ಮಗ್ಗದ ಮುಂದೆ ಕುಳಿತು, ಹೊಕ್ಕಿನ ಹತ್ತಿ ನೂಲನ್ನು ಪಂಜಾ ಎಂಬ ಹಣಿಗೆಯಿಂದ ಬಡಿದು ಬಿಗಿ ಮಾಡುತ್ತಾರೆ. ಹಾಸಿನ ನೂಲು ಪೂರ್ತಿ ಮುಚ್ಚಿಹೋಗುತ್ತದೆ. ಬಣ್ಣದ ಗುಟ್ಟು ಈ ಬಡಿತದಲ್ಲೇ ಇದೆ. ಗುಳೇದಗುಡ್ಡದ ಖಣದಲ್ಲಿ ಹಾಸಿನದೊಂದು ಬಣ್ಣ, ಹೊಕ್ಕಿನದೊಂದು ಬಣ್ಣ. ಮಡಿಕೆ ಅಲುಗಿದಂತೆ ಎರಡೂ ಮಿಂಚಿ ಮರೆಯಾಗುತ್ತವೆ. ಜಮಖಾನಕ್ಕೆ ಆ ಬೆರಕೆಯ ಬೆಡಗಿಲ್ಲ. ಇಲ್ಲಿ ಕೆಂಪು ಕೆಂಪೇ, ಹಳದಿ ಹಳದಿಯೇ. ಒಂದರೊಳಗೊಂದು ಕರಗದ ಬಣ್ಣಗಳು ಜಗಳವಾಡದೆ ಮಗ್ಗುಲಲ್ಲಿ ಕೂರಬೇಕು, ಒಂದೇ ಓಣಿಯ ಮನೆಗಳಂತೆ.

ಆ ಸಂಧಾನ ಮಾಡಿಸುವುದು ಕಪ್ಪು, ಬಿಳುಪು. ನಡುವಿನ ಪಗಡೆ ಹಾಸಿನ ಚೌಕಗಳು ಎಷ್ಟೇ ಗಾಢವಾಗಿರಲಿ, ಅಂಚಿನ ಕಪ್ಪು ಗೆರೆ ಅವನ್ನು ಹಿಡಿದು ನಿಲ್ಲಿಸುತ್ತದೆ. ಬಿಳುಪು ಕಣ್ಣಿಗೆ ಬಿಡುವು ಕೊಡುತ್ತದೆ. ಇಲ್ಲಿ ನೇಯುವ ನವಿಲಿನ ಕತ್ತು ಬಾಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಧಾರವಾಡದ ಕಸೂತಿಗೂ ಕಪ್ಪಿನ ಬಲ ಗೊತ್ತು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಸಣ್ಣ ಗೋಪುರವೂ ದೂರದಿಂದ ಕಾಣುತ್ತದೆ. ಆದರೆ ಅಲ್ಲಿ ಕಪ್ಪು ಹಿನ್ನೆಲೆ, ಇಲ್ಲಿ ಬೇಲಿ. ನನ್ನ ಮಟ್ಟಿಗೆ ಎರಡನೆಯದೇ ಕಠಿಣ.

ದೋಷಗಳಿಲ್ಲವೆಂದಲ್ಲ. ಗೋಡೆಗೆ ತೂಗುಹಾಕಲೆಂದು ನೇಯ್ದ ಸಣ್ಣ ತುಂಡುಗಳಲ್ಲಿ ನವಿಲು ಇಕ್ಕಟ್ಟಿಗೆ ಸಿಕ್ಕಿ ಕೋಳಿಯಾಗುತ್ತದೆ. ಗಿರಾಕಿಯ ಸೋಫಾಕ್ಕೆ ಹೊಂದಲೆಂದು ತಿಳಿ ಗುಲಾಬಿ, ಬೂದು ಬಣ್ಣ ತಂದರೆ ಕಪ್ಪು ಗೆರೆಗೆ ಕೆಲಸವೇ ಉಳಿಯುವುದಿಲ್ಲ. ಕೈಯಿಂದ ನೇಯ್ದದ್ದೆಂಬ ಒಂದೇ ಕಾರಣಕ್ಕೆ ಇಂಥದ್ದನ್ನೂ ಹೊಗಳುವುದು ನೇಕಾರರಿಗೆ ಮಾಡುವ ಅವಮಾನ.

ಸ್ವೀಡನ್ನಿನಲ್ಲೂ ಹೀಗೇ ಹಾಸಿನ ನೂಲನ್ನು ಮುಚ್ಚಿ ನೇಯುವ, ಜೂಲಿಲ್ಲದ ಉಣ್ಣೆಯ ನೆಲಹಾಸುಗಳಿವೆ, ರೋಲಾಕನ್ ಎನ್ನುತ್ತಾರೆ. ಮಾರ್ತಾ ಮೋಸ್ ಫ್ಯೆಟ್ಟರ್‌ಸ್ಟ್ರೋಮ್ ಎಂಬಾಕೆ 1919ರಲ್ಲಿ ಬೋಸ್ಟಾಡ್ ಊರಿನಲ್ಲಿ ನೇಯ್ಗೆ ಕಾರ್ಯಾಗಾರ ಕಟ್ಟಿ, ಹಳ್ಳಿಯ ಆ ಕಸುಬನ್ನು ಆಧುನಿಕ ಕಲೆಯ ಸಾಲಿಗೆ ತಂದರು. ಅಲ್ಲಿಯ ಹಾಸುಗಳ ಅಂಚಿನಲ್ಲಿ ಹೆಸರಿನ ಮೊದಲಕ್ಷರಗಳನ್ನೂ ನೇಯ್ದಿರುತ್ತಾರೆ. ಹಾಗಾಗಿ ಹಳೆಯ ಹಾಸು ಕೊಳ್ಳುವವರು ಯಾರ ವಿನ್ಯಾಸ, ಯಾವ ಕಾಲದ್ದು ಎಂದು ವಾದ ಮಾಡಬಲ್ಲರು. ಅವರ ಬಣ್ಣ ನಮ್ಮದಕ್ಕಿಂತ ಮೇಲೆಂದು ನಾನು ಒಪ್ಪಲಾರೆ. ಅವರ ದಾಖಲೆ ಮೇಲು. ಅಲ್ಲಿಯೂ ಅಕ್ಷರ ಸಿಕ್ಕಿದ್ದು ವಿನ್ಯಾಸ ಮಾಡಿದವರಿಗೆ, ಮಗ್ಗದ ಮುಂದೆ ಕೂತವರಿಗಲ್ಲ ಎಂಬುದು ಬೇರೆ ಮಾತು. ನಮ್ಮಲ್ಲಿ ಇವರಿಬ್ಬರೂ ಬಹುಮಟ್ಟಿಗೆ ಒಬ್ಬರೇ, ಆದರೂ ಹೆಸರಿಲ್ಲ. ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ಊರಿಗೆ, ವ್ಯಕ್ತಿಗಲ್ಲ.

ಹುಬ್ಬಳ್ಳಿ, ಧಾರವಾಡದ ಹಳೆಯ ಮನೆಗಳ ಟ್ರಂಕುಗಳಲ್ಲಿ ಜಮಖಾನಗಳು ಇನ್ನೂ ಇದ್ದಾವು. ಅವನ್ನು ಹಾಳೆಂದು ಎಸೆಯುವ ಮುನ್ನ ಎರಡೂ ಮಗ್ಗುಲಿನ ಫೋಟೊ ತೆಗೆಯಿರಿ, ಯಾರ ಮದುವೆಗೆ ತಂದದ್ದೆಂದು ಹಿರಿಯರನ್ನು ಕೇಳಿ ಬರೆದಿಡಿ. ಹೊಸದು ಕೊಳ್ಳುವುದಿದ್ದರೆ, ಬೆಲೆ ಕೇಳುವ ಮೊದಲು ನೇಯ್ದವರ ಹೆಸರು ಕೇಳಿ.